ಒತ್ತೆಯ ಮನೆಯೂ ಊರಿನ ವಕೀಲರೂ

ಮನೆಯನ್ನು ಒತ್ತೆಯಿಟ್ಟು ಸಾಲ ತರುವ ಪದ್ಧತಿಯೂ, ಆ ಒತ್ತೆಯನ್ನು ಬಿಡಿಸಿಕೊಳ್ಳುವ ಋಣಿಯ ಹಕ್ಕೂ ಕನ್ನಡನಾಡಿಗೆ ಹೊಸವಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಈ ವಿಷಯವನ್ನು ಸವಿಸ್ತಾರವಾಗಿ ವಿಚಾರಿಸಿದ್ದಾನೆ. ಸಾಲವು ಬಡ್ಡಿ ಸೇರಿ ಇಮ್ಮಡಿಯಾದರೂ ಬಿಡಿಸಿಕೊಳ್ಳದ ಆಧಿ, ಎಂದರೆ ಒತ್ತೆ, ಋಣಿಯ ಕೈತಪ್ಪುವುದೆಂದೂ, ಫಲಭೋಗಕ್ಕಾಗಿ ಕೊಟ್ಟ ಆಧಿಯು ಮಾತ್ರ ನಾಶವಾಗದೆಂದೂ ಸ್ಮೃತಿಯ ನಿಯಮವಿದ್ದಿತು.

ಆಂಗ್ಲರ ಕಾಲದಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 60ನೆಯ ಪ್ರಕರಣವು ಬಿಡಿಸಿಕೊಳ್ಳುವ ಹಕ್ಕನ್ನು ಸ್ಥಿರಪಡಿಸಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಮೊದಲು ಪ್ರಾಥಮಿಕ ಡಿಕ್ರಿ, ಅನಂತರ ಅಂತಿಮ ಡಿಕ್ರಿ ಎಂದು ಋಣಿಗೆ ಉಸಿರಾಡಲು ಅವಕಾಶವನ್ನಿತ್ತಿತು. ಜಪ್ತಿಯಾದ ಮನೆಯ ಮುಂದೆ ತಮಟೆ ಬಾರಿಸಿ, ಆಜ್ಞೆಯ ಪ್ರತಿಯನ್ನು ಎದ್ದುಕಾಣುವೆಡೆ ಅಂಟಿಸಬೇಕೆಂಬುದು ಆ ಸಂಹಿತೆಯದೇ ವಿಧಿ. ಹರಾಜಾದ ಮೇಲೆಯೂ, ಗೊತ್ತಾದ ಅವಧಿಯೊಳಗೆ ಬಾಕಿಯನ್ನೂ, ಕೊಂಡವನಿಗೆ ಶೇಕಡಾ 5ರಷ್ಟು ಪರಿಹಾರವನ್ನೂ ಠೇವಣಿಯಿಟ್ಟರೆ ಮಾರಾಟವು ರದ್ದಾಗುತ್ತಿದ್ದಿತು. ಹಳೆಯ ವಕೀಲರ ವಿದ್ಯೆಯೆಲ್ಲ ಈ ಸೋಪಾನಗಳಲ್ಲಿಯೇ ಅಡಗಿದ್ದಿತು. ವಾಯಿದೆಯ ಮೇಲೆ ವಾಯಿದೆ ಪಡೆಯುವುದನ್ನು ಜನರು ಹಾಸ್ಯಮಾಡಿದರೂ, ಆ ವಾಯಿದೆಗಳಲ್ಲಿ ಎಷ್ಟೋ ಮನೆಗಳು ಉಳಿದುವೆಂಬುದನ್ನು ಮರೆಯಲಾಗದು.

ಇಂದಿನ ಸ್ಥಿತಿಗೆ ಒಂದು ಊರನ್ನೇ ಉದಾಹರಣೆಯಾಗಿ ನೋಡೋಣ. ತುಮಕೂರು ರಸ್ತೆಯ ಟಿ. ದಾಸರಹಳ್ಳಿಯು, ನೆರೆಯ ಪೀಣ್ಯದ ಕಾರ್ಖಾನೆಗಳೊಡನೆ ಬೆಳೆದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿಹೋಯಿತು. ಇಂತಹ ಊರಿನಲ್ಲಿ ಲೇತ್ ಕೊಳ್ಳಲು ಸಾಲ ಮಾಡುವವನು ಆಧಾರವಾಗಿ ಕೊಡಬಲ್ಲದ್ದು ಮನೆಯ ಮೂಲ ಕ್ರಯಪತ್ರವೊಂದೇ. ಆರ್ಡರು ನಿಂತು ಕಂತು ತಪ್ಪಿದರೆ ಯಂತ್ರದೊಡನೆ ಮನೆಯೂ ಅಪಾಯಕ್ಕೊಳಗಾಗುತ್ತದೆ. 2002ರ ಸರ್ಫೇಸಿ ಕಾಯಿದೆಯಂತೂ ಹಳೆಯ ಸೋಪಾನಗಳನ್ನೇ ತೆಗೆದುಹಾಕಿತು. ಬ್ಯಾಂಕು 60 ದಿನಗಳ ನೋಟಿಸು ಕೊಟ್ಟು, ಸಿವಿಲ್ ನ್ಯಾಯಾಲಯದ ಮೆಟ್ಟಿಲನ್ನೇರದೆ ಮನೆಯನ್ನು ಸ್ವಾಧೀನಪಡಿಸಿಕೊಳ್ಳಬಹುದು; ಋಣಿಯು ಲಿಖಿತ ಆಕ್ಷೇಪವನ್ನು ಸಲ್ಲಿಸಿದರೆ ಬ್ಯಾಂಕು 15 ದಿನಗಳೊಳಗೆ ಉತ್ತರಿಸಬೇಕು; ಸ್ವಾಧೀನಕ್ರಮದ ವಿರುದ್ಧ ಋಣಿಯು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ದೂರು ಕೊಡಲಿಕ್ಕೇ ಬೇಡಿಕೆಯ ಮುಕ್ಕಾಲು ಪಾಲನ್ನು ಠೇವಣಿಯಿಡಬೇಕೆಂಬ ಕ್ರೂರ ನಿಯಮವನ್ನು ಸುಪ್ರೀಂ ಕೋರ್ಟು 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ತಳ್ಳಿಹಾಕಿದುದು ಸಣ್ಣ ಉಪಕಾರವಲ್ಲ. ಆದರೆ 2016ರ ತಿದ್ದುಪಡಿಯು ಬಿಡಿಸಿಕೊಳ್ಳುವ ಹಕ್ಕನ್ನು ಹರಾಜಿನ ಪ್ರಕಟಣೆಯವರೆಗೆ ಮಾತ್ರ ಉಳಿಸಿತು.

ಆದುದರಿಂದ, ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತಂದುಕೊಡುವೆನೆಂದು ಸುಲಭವಾಗಿ ಭರವಸೆ ನೀಡುವ ವಕೀಲರಿಗಿಂತ, ನೋಟಿಸಿನ ತಾರೀಖನ್ನೂ ಲೆಕ್ಕದ ಬಡ್ಡಿಯನ್ನೂ ಚಕ್ಕುಬಂದಿಯನ್ನೂ ಸಾಲುಸಾಲಾಗಿ ಪರೀಕ್ಷಿಸುವ, ನ್ಯಾಯಮಂಡಳಿಯ ಪರಿಚಯವುಳ್ಳ ವಕೀಲರೇ ಮೇಲೆಂದು ನನ್ನ ಅಭಿಪ್ರಾಯ. ವಿಚಿತ್ರವೆಂದರೆ, ಬ್ಯಾಂಕಿನ ಪರವಾಗಿ ಮ್ಯಾಜಿಸ್ಟ್ರೇಟರ ಆಜ್ಞೆ ಹಿಡಿದು ಮನೆಯ ಸ್ವಾಧೀನಕ್ಕೆ ಬರುವ ಕಮಿಷನರರೂ ಎಷ್ಟೋ ವೇಳೆ ವಕೀಲರೇ ಆಗಿರುತ್ತಾರೆ. ಈ ಪದ್ಧತಿಯನ್ನು ಸುಪ್ರೀಂ ಕೋರ್ಟು 2022ರಲ್ಲಿ ಎತ್ತಿಹಿಡಿಯಿತು.

ಫೀಜು ಕೊಡಲಾರದವರು ಸುಮ್ಮನೆ ಕುಳಿತುಕೊಳ್ಳಬೇಕಾಗಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ವರಮಾನದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ.