ಹಾಳು ನೋಡಲು ಬಂದವರು, ಹಾಳಿನಲ್ಲಿ ಇದ್ದವರು

ಮೂರು ದಿನ, ಎರಡು ರಾತ್ರಿ. ಊಟ, ವಸತಿ, ಗೈಡು ಎಲ್ಲ ಸೇರಿ ಇಷ್ಟು ಎಂದು ಹಣ ಕಟ್ಟಿ ಬಸ್ಸು ಹತ್ತಿದ ನಲವತ್ತು ಜನರಲ್ಲಿ ನಾವು ಐದು ಜನ. ಉಳಿದವರೆಲ್ಲ ಬೆಂಗಳೂರು, ಹುಬ್ಬಳ್ಳಿ ಕಡೆಯವರು. ಇದೇ ಕರಾವಳಿಯಲ್ಲಿ ಹುಟ್ಟಿದವರು ನಾವು ಮಾತ್ರ. ನಮ್ಮೂರನ್ನು ನಾವೇ ರೊಕ್ಕ ಕೊಟ್ಟು ನೋಡಲು ಹೊರಟದ್ದು ಕಂಡು ಮನೆಯಲ್ಲಿ ನಕ್ಕರು. ನಗಲಿ. ನಮ್ಮ ಅಪ್ಪಂದಿರು ಚಿರೇಕಲ್ಲು ಕಡಿದವರು, ಉಪ್ಪಿನ ಆಗರದಲ್ಲಿ ನಿಂತವರು, ಒಡೆಯರ ತೋಟಕ್ಕೆ ಸೊಪ್ಪು ಹೊತ್ತವರು. ಅವರು ಕುಮಟೆಯ ಪೇಟೆ ನೋಡಿದ್ದೂ ಹೊರೆ ಇಳಿಸಲು ಹೋದಾಗಲೇ. ಅದೇ ನೆಲವನ್ನು ಇತಿಹಾಸ ಎಂದು ತೋರಿಸುವಾಗ ಏನು ತೋರಿಸುತ್ತಾರೆ, ಏನನ್ನು ಬಿಡುತ್ತಾರೆ ಎಂದು ನಾವು ಕಣ್ಣಾರೆ ನೋಡಬೇಕಿತ್ತು.

ಮೊದಲ ದಿನ ಮಿರ್ಜಾನ ಕೋಟೆ. ಅಘನಾಶಿನಿ ಹೊಳೆಯ ಬದಿಗೆ, ಹೆದ್ದಾರಿಯಿಂದ ಕೂಗಳತೆಯಲ್ಲಿ ಇದೆ. ಚಿರೇಕಲ್ಲಿನ ಎತ್ತರದ ಗೋಡೆ, ಸುತ್ತ ಕಂದಕ, ಒಳಗೆ ಬಾವಿಗಳು, ಮಳೆಗಾಲದಲ್ಲಿ ಗೋಡೆಗೋಡೆಗೆ ಹಸಿರು ಪಾಚಿ. ಗೈಡು ಇನ್ನೂ ಮೀಸೆ ಮೂಡುತ್ತಿದ್ದ ಹುಡುಗ, ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಈ ಕೋಟೆಯನ್ನು ಕಟ್ಟಿಸಿದಳು, 1552ರಿಂದ 1606ರವರೆಗೆ ಐವತ್ತನಾಲ್ಕು ವರ್ಷ ಆಳಿದಳು, ಕಾಳುಮೆಣಸು ಇಲ್ಲಿಂದ ಹಡಗು ಹತ್ತುತ್ತಿತ್ತು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಸುಳ್ಳೇನಲ್ಲ. ಕೋಟೆಯ ಹುಟ್ಟಿನ ಬಗ್ಗೆ ಪಂಡಿತರಲ್ಲಿ ಬೇರೆ ಬೇರೆ ಮಾತಿದ್ದರೂ ರಾಣಿಯ ಹೆಸರು ಮಾತ್ರ ಗಟ್ಟಿಯಾಗಿ ನಿಂತಿದೆ. ಗಂಡಸರ ವಂಶಾವಳಿಯೇ ಇತಿಹಾಸವಾಗಿದ್ದ ನಾಡಿನಲ್ಲಿ ಒಬ್ಬ ಹೆಣ್ಣಿನ ಹೆಸರು ನಿಂತದ್ದು ನಮಗೂ ಸಂತೋಷವೇ.

ಆದರೆ ಗೋಡೆಯ ಬುಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಮುದುಕಿ ಕತ್ತಿ ನಿಲ್ಲಿಸಿ ಇದನ್ನೆಲ್ಲ ಕೇಳುತ್ತಿದ್ದಳು. ತಂಡ ಮುಂದೆ ಹೋದ ಮೇಲೆ ನಮ್ಮಲ್ಲೊಬ್ಬನನ್ನು ಕರೆದು ಕೇಳಿದಳು: "ತಮಾ, ಇಷ್ಟೆಲ್ಲಾ ಕಲ್ಲ ರಾಣಿಯೇ ಹೊತ್ತಿದ್ಲನಾ?"

ನಾವು ಮೂರು ದಿನ ಆ ಮಾತನ್ನು ಹೊತ್ತುಕೊಂಡು ತಿರುಗಿದೆವು.

ಚಿರೇಕಲ್ಲಿನ ಗುಣ ನಮಗೆ ಗೊತ್ತು. ನೆಲದೊಳಗೆ ಇದ್ದಾಗ ಮೆತ್ತಗೆ, ಕೊಡಲಿ ಇಳಿಯುತ್ತದೆ. ಗಾಳಿ ಬಿಸಿಲಿಗೆ ಬಂದು ನಾಲ್ಕು ದಿನವಾದರೆ ಗಟ್ಟಿಯಾಗುತ್ತ ಹೋಗುತ್ತದೆ. ಆದ್ದರಿಂದ ಕಡಿಯುವ ಹೊತ್ತಿಗೇ ಅಳತೆ ಸರಿ ಇರಬೇಕು, ತಪ್ಪಿದರೆ ಆಮೇಲೆ ಎರಡು ಪಟ್ಟು ಕೆಲಸ. ಕೆಂಪು ಧೂಳು ಮೂಗಿಗೆ, ಬಾಯಿಗೆ, ಅನ್ನಕ್ಕೆ. ಇದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ಟಿಪ್ಪು ಬಿದ್ದ ಮೇಲೆ ಕಂಪನಿ ಸರಕಾರ ಹೊಸದಾಗಿ ಕೈಗೆ ಬಂದ ಸೀಮೆಯ ಲೆಕ್ಕ ತೆಗೆಯಲು ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನನ್ನು ಕಳಿಸಿತು. ಆತ 1800ರ ಕೊನೆಯಲ್ಲಿ ಮಲಬಾರಿನ ಅಂಗಾಡಿಪುರದ ಹತ್ತಿರ ಈ ಕಲ್ಲು ಕಡಿಯುವುದನ್ನು ಕಂಡ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟು 1807ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಆ ಹೆಸರನ್ನೇ ಹೇಳುತ್ತಾರೆ. 1979ರಲ್ಲಿ ಅಂಗಾಡಿಪುರದಲ್ಲಿ ಅದರ ನೆನಪಿಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಒಂದು ಸ್ಮಾರಕವನ್ನೂ ನಿಲ್ಲಿಸಿದ್ದಾರೆ. ಕಲ್ಲಿಗೆ ಹೆಸರಿಟ್ಟವನಿಗೆ ಸ್ಮಾರಕವಾಯಿತು. ಅವನ ಕಣ್ಣ ಮುಂದೆ ಕೊಡಲಿ ಎತ್ತಿ ಕಡಿದು ತೋರಿಸಿದವರು ಪುಸ್ತಕದಲ್ಲಿ ಬರೀ ಕೊಡಲಿಯಾಗಿ ಉಳಿದರು.

ಅದೇ ಬುಕಾನನ್ 1801ರಲ್ಲಿ ಭಟ್ಕಳ, ಹೊನ್ನಾವರ, ಮಿರ್ಜಾನ ಹಾದು ಹೋದ. ಅವನಲ್ಲಿ ಒಂದು ಒಳ್ಳೆಯ ಗುಣ ಇತ್ತು, ಅಸಹ್ಯಪಡದೆ ಲೆಕ್ಕ ಬರೆಯುತ್ತಿದ್ದ. ಈ ಕರಾವಳಿಯ ಹೊಲೆಯಾಳುಗಳಿಗೆ ದಿನಕ್ಕೆ ಎಷ್ಟು ಅಕ್ಕಿ, ವರ್ಷಕ್ಕೆ ಎಷ್ಟು ಬಟ್ಟೆ, ಆಳನ್ನು ಮಾರಿದರೆ ಎಷ್ಟು ಬೆಲೆ ಎಂಬುದು ಅಡಿಕೆ, ಮೆಣಸಿನ ದರದ ಜೊತೆಗೇ ಅವನ ಪುಸ್ತಕದಲ್ಲಿದೆ. ಗುಲಾಮಗಿರಿಯನ್ನು ಕಾನೂನು ಒಪ್ಪುವುದಿಲ್ಲ ಎಂದು ಕಂಪನಿ ಸರಕಾರ ಹೇಳಿದ್ದು 1843ರಲ್ಲಿ. ಜೀತ ನಿರ್ಮೂಲನದ ಕಾಯ್ದೆ ಬಂದದ್ದು 1976ರಲ್ಲಿ. ಈ ನಡುವಿನ ನೂರಮೂವತ್ತು ವರ್ಷ ನಮ್ಮ ಅಜ್ಜ ಮುತ್ತಜ್ಜರ ಕಾಲ.

ರಾತ್ರಿ ಕುಮಟೆಯ ವಸತಿಗೃಹದಲ್ಲಿ ಊಟದ ಹೊತ್ತಿಗೆ ಒಬ್ಬ ನಿವೃತ್ತ ಅಧಿಕಾರಿಗಳು ನಮ್ಮ ಮೇಜಿಗೆ ಬಂದು ಕೂತರು. ಹೆಂಡತಿಯ ಸಂಗಡ ಎಂಟು ದಿನ ಗ್ರೀಸ್ ಪ್ರವಾಸ ಮಾಡಿ ಬಂದವರಂತೆ. ಅಥೆನ್ಸಿನ ಗುಡ್ಡದ ಮೇಲಿನ ಗುಡಿಗಳು, ಡೆಲ್ಫಿ, ಒಲಿಂಪಿಯಾ ಎಲ್ಲ ವರ್ಣಿಸಿದರು. "ಅವರ ಹಾಳೂ ಎಷ್ಟು ಚೊಕ್ಕಟ ನೋಡಿ, ನಮ್ಮಲ್ಲಿ ಹಾಳೆಂದರೆ ಹಾಳೇ" ಎಂದು ನಿಟ್ಟುಸಿರು ಬಿಟ್ಟರು. ಮುದುಕಿಯ ಪ್ರಶ್ನೆಯನ್ನು ನಾವು ಅವರ ಮುಂದೆ ಇಟ್ಟೆವು. ಅಲ್ಲಿ ಕಲ್ಲು ಹೊತ್ತವರು ಯಾರು ಸಾರ್? ಅವರ ಗೈಡು ಹೇಳಿರಲಿಲ್ಲ.

ಹೇಳಬಹುದಿತ್ತು. ಅಥೆನ್ಸಿನ ಅದೇ ಗುಡ್ಡದ ಮೇಲಿನ ಎರೆಕ್ಥಿಯಾನ್ ಎಂಬ ಗುಡಿಯ ಕೆಲಸ ಕ್ರಿ.ಪೂ. 409ರಿಂದ ಮುಂದೆ ನಡೆದಾಗ ಅದರ ಖರ್ಚಿನ ಲೆಕ್ಕವನ್ನು ಅಮೃತಶಿಲೆಯಲ್ಲಿ ಕೊರೆಸಿ ನಿಲ್ಲಿಸಿದರು. ಅದರ ತುಣುಕುಗಳು ಈಗಲೂ ಇವೆ. ಕಂಬಕ್ಕೆ ಗೀರು ಹೊಡೆದವನು ಯಾರು, ಮರ ಕೊಯ್ದವನು ಯಾರು, ಯಾರಿಗೆ ಎಷ್ಟು ಕೂಲಿ ಎಂದು ಹೆಸರು ಹಿಡಿದು ಬರೆದಿದ್ದಾರೆ. ಯಾರು ಏನೆಂದು ತಿಳಿದ 86 ಜನರಲ್ಲಿ 24 ಜನ ಪೌರರು, 42 ಜನ ಹೊರಗಿನಿಂದ ಬಂದು ನೆಲೆಸಿದವರು, 20 ಜನ ಗುಲಾಮರು. ಕೂಲಿ ಸಾಮಾನ್ಯವಾಗಿ ಎಲ್ಲರಿಗೂ ಒಂದೇ, ದಿನಕ್ಕೆ ಒಂದು ದ್ರಾಕ್ಮ. ಇದನ್ನು ಹೇಳಿ ಅಥೆನ್ಸನ್ನು ಹೊಗಳಲು ನಾವು ಹೊರಟಿಲ್ಲ. ಗುಲಾಮನ ಕೂಲಿ ಹೋಗಿದ್ದು ಅವನ ಒಡೆಯನ ಕೈಗೇ. ಅದೇ ಊರಿನ ಲಾರಿಯಾನ್ ಬೆಳ್ಳಿ ಗಣಿಯಲ್ಲಿ ನೆಲದಡಿ ಸತ್ತ ಗುಲಾಮರ ಲೆಕ್ಕವನ್ನು ಯಾರೂ ಅಮೃತಶಿಲೆಯಲ್ಲಿ ಕೊರೆಸಲಿಲ್ಲ. ಆದರೂ ಹೆಸರು ಅಂತ ಒಂದು ಇದೆಯಲ್ಲ. ನಮ್ಮ ದಾನಶಾಸನಗಳಲ್ಲಿ ದಾನ ಕೊಟ್ಟವನ ಹೆಸರಿದೆ, ತೆಗೆದುಕೊಂಡವನ ಗೋತ್ರವಿದೆ, ತಪ್ಪಿದವನಿಗೆ ಶಾಪವಿದೆ. ಹೊಯ್ಸಳರ ಗುಡಿಗಳಲ್ಲಿ ಮಲ್ಲಿತಮ್ಮ, ದಾಸೋಜರಂಥ ರೂವಾರಿಗಳು ವಿಗ್ರಹದ ಕೆಳಗೆ ಹೆಸರು ಕೊರೆದುಕೊಂಡರು, ಅದು ನಿಜ. ಅವರ ಮುಂದೆ ಬಂಡೆಯನ್ನು ತಂದು ಇಳಿಸಿದವರ ಹೆಸರು?

ಗೈಡುಗಳ ಜಾತಿಯೂ ಹಳೆಯದೇ. ಎರಡನೆಯ ಶತಮಾನದಲ್ಲಿ ಪಾಸೇನಿಯಸ್ ಎಂಬುವನು ಗ್ರೀಸಿನ ಹಳೆಯ ಊರುಗಳನ್ನೆಲ್ಲ ಸುತ್ತಿ ಪುಸ್ತಕ ಬರೆದ. ಆರ್ಗೋಸ್ ಊರಿನ ಗೈಡುಗಳಿಗೆ ತಾವು ಹೇಳುವುದೆಲ್ಲ ನಿಜವಲ್ಲ ಅಂತ ಗೊತ್ತು, ಆದರೂ ಹೇಳುತ್ತಾರೆ ಎಂದು ಅದರಲ್ಲಿ ಗೊಣಗಿದ್ದಾನೆ. ಅಧಿಕಾರಿಗಳು ಇದನ್ನು ಕೇಳಿ ಮನಸಾರೆ ನಕ್ಕರು.

ಎರಡನೆಯ ದಿನ ಹೊನ್ನಾವರ. ಪೇಟೆಯಲ್ಲಿ ಬಸ್ಸು ನಿಲ್ಲಲಿಲ್ಲ, ನೋಡುವಂಥ ಹಾಳು ಅಲ್ಲಿಲ್ಲವಂತೆ. 1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತ ಈ ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಬರೆದಿದ್ದಾನೆ. ಕಲ್ಲಿನದಲ್ಲದ ಕಟ್ಟಡ ಹಾಳಾಗಿಯೂ ಉಳಿಯುವುದಿಲ್ಲ, ಹಾಳು ಉಳಿಯದಿದ್ದರೆ ಬಸ್ಸು ನಿಲ್ಲುವುದಿಲ್ಲ.

ಅಲ್ಲಿಂದ ಶರಾವತಿಯ ಗುಂಟ ಗೇರುಸೊಪ್ಪೆ, ನಗರಬಸ್ತಿಕೇರಿ. ಕಾಡಿನ ನಡುವೆ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತ ತೀರ್ಥಂಕರರು. ನೆರಳು, ತಂಪು, ಹಕ್ಕಿ. ತಂಡದವರೆಲ್ಲ ಸುಮ್ಮನಾದರು. ನಾವೂ ಸುಮ್ಮನಾದೆವು. ಚೆಂದವಾದದ್ದನ್ನು ಚೆಂದವಿಲ್ಲ ಎನ್ನುವ ಹಟ ನಮಗಿಲ್ಲ.

ಈ ಹಾಳನ್ನು ನೋಡಿ ಬರೆದಿಟ್ಟ ಹಳೆಯ ಪ್ರವಾಸಿಗಳಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಒಬ್ಬ. ಬ್ಯಾಬಿಲೋನಿನ ಹಾಳು ಕಂಡು ಬಂದಿದ್ದ ಮನುಷ್ಯ. 1623ರಲ್ಲಿ ಗೋವೆಯಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಕಡೆಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ, ಊರು ನೋಡುವ ಒಂದೇ ಆಸೆಯಿಂದ ಕೂಡಿಕೊಂಡ. ಅವರಿಗೆ ದಾರಿ ತೋರಿಸಲು ನಾಯಕನ ಕಡೆಯ ವಿಠಲ ಶೆಣೈ ಇದ್ದ. ಗೈಡು ಸಮೇತ ಹಲವು ದಿನಗಳ ಪ್ರವಾಸ ಎಂದರೆ ಇದೇ ತಾನೆ! ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದರು. ರಾಣಿ ಸೋತು ಆಗಿನ್ನೂ ಹದಿನೇಳು ವರ್ಷ. ಒಂದು ಕಾಲದ ದೊಡ್ಡ ಊರೂ ಅರಮನೆಯೂ ಬಿದ್ದು ಮರ ಬೆಳೆದುಹೋಗಿವೆ, ಬಡ ರೈತರ ಗುಡಿಸಲು ಬಿಟ್ಟರೆ ಏನೂ ಕಾಣುವುದಿಲ್ಲ ಎಂದು ಬರೆದ.

ಅರಮನೆ ಹದಿನೇಳು ವರ್ಷಕ್ಕೆ ಕಾಡಾಯಿತು. ಗುಡಿಸಲು ಇತ್ತು. ರಾಣಿಯ ಕಾಲದಲ್ಲಿ ಮೆಣಸು ಬಿಡಿಸಿದವರು ವೆಂಕಟಪ್ಪನ ಕಾಲದಲ್ಲೂ ಬಿಡಿಸುತ್ತಲೇ ಇದ್ದಿರಬೇಕು. ಸುಂಕ ಹೋಗುವ ದಾರಿ ಮಾತ್ರ ಬದಲಾಯಿತು.

ಘಟ್ಟ ಹತ್ತಿ ಇಕ್ಕೇರಿಗೆ ಹೋದ ಅದೇ ದೆಲ್ಲಾ ವಾಲೆ ಅಲ್ಲಿ ಇನ್ನೊಂದು ಕೆಲಸ ಮಾಡಿದ. ಗಂಡ ಸತ್ತು, ಅವನೊಡನೆ ಸುಟ್ಟುಕೊಳ್ಳಲು ಸಿದ್ಧಳಾಗಿದ್ದ ಒಬ್ಬ ಹೆಂಗಸಿನ ಮನೆಯವರೆಗೂ ಹೋಗಿ, ದುಭಾಷಿಯ ಮೂಲಕ ಮಾತನಾಡಿ, ಬೇಡ ಎಂದು ಹೇಳಿ ನೋಡಿದ. ಅವಳ ಗಂಡ ನಗಾರಿ ಹೊಡೆಯುವವನು, ತೆಲುಗು ಸೀಮೆಯವನು. ಅವಳು ಒಪ್ಪಲಿಲ್ಲ. ನಿನ್ನ ಹೆಸರನ್ನಾದರೂ ಬರೆದಿಡುತ್ತೇನೆ ಎಂದು ಮಾತು ಕೊಟ್ಟು ಬರೆದ. ಇಟಲಿಯ ಅಕ್ಷರದಲ್ಲಿ ಜಕ್ಕಮ್ಮ ಎಂದು ಓದಬಹುದಾದ ಆ ಹೆಸರು ನಾಲ್ಕು ನೂರು ವರ್ಷ ದಾಟಿ ನಮ್ಮವರೆಗೆ ಬಂದಿದೆ. ನಾಯಕನ ಆಸ್ಥಾನದ ಯಾವ ಕವಿಗೆ ಬೇಕಿತ್ತು ನಗಾರಿಯವನ ಹೆಂಡತಿಯ ಹೆಸರು? ಬಸದಿಯ ಬಾಗಿಲಲ್ಲಿ ಜಕ್ಕಮ್ಮನ ಕತೆಯನ್ನು ನಾವು ತಂಡದವರಿಗೆ ಹೇಳಿದೆವು. ಅಧಿಕಾರಿಗಳ ಹೆಂಡತಿ ಕಣ್ಣೊರೆಸಿಕೊಂಡು, "ಇದನ್ನ ಯಾಕೆ ಯಾರೂ ಹೇಳೋದಿಲ್ಲ?" ಅಂದರು.

ಇದೇ ಹೊಳೆಯ ಮೇಲುಗಡೆ, ಘಟ್ಟದ ಮೇಲೆ, ಇನ್ನೊಂದು ಹಾಳಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಮುಳುಗಿದ ಹಳ್ಳಿಗಳು. ಬೇಸಿಗೆಯಲ್ಲಿ ನೀರಿಳಿದರೆ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ಅದರ ಫೋಟೋ ತೆಗೆಯಲು ಹೋಗುತ್ತಾರೆ. ಅದರ ಸುತ್ತಲಿನ ಮನೆಗಳ ಅಡಿಪಾಯಕ್ಕೆ ಗೈಡಿಲ್ಲ. ಅಲ್ಲಿಂದ ಎದ್ದು ಹೋದವರಲ್ಲಿ ನೆಲದ ಹಕ್ಕಿನ ಕಾಗದಕ್ಕೆ ಇಂದಿಗೂ ಅಲೆಯುವವರಿದ್ದಾರೆ.

ಮೂರನೆಯ ದಿನ ಭಟ್ಕಳ. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ತಿಂ ಅಫೋನ್ಸೊ ದೆ ಸೋಜಾ ಈ ಊರಿಗೆ ಬೆಂಕಿ ಇಟ್ಟ. ಮೊದಲು ಜಟ್ಟಪ್ಪ ನಾಯಕನ ಬಸದಿ, ಆಮೇಲೆ ಖೇತಪೈ ನಾರಾಯಣ ದೇವಸ್ಥಾನ. ಗೋಡೆಯ ಮೇಲೆ ರಾಮಾಯಣ, ಹಲಗೆಯ ಹಾಗೆ ಇಳಿಬಿಟ್ಟ ಕಲ್ಲಿನ ಮಾಡು. ವ್ಯಾಪಾರಿಯ ಹೆಸರು ದೇವರ ಹೆಸರಿಗೂ ಮುಂದೆ ನಿಂತಿದೆ. ಕಟ್ಟಿಸಿದವನ ಹೆಸರು ಹೀಗೆ ದೇವರಿಗಿಂತ ಗಟ್ಟಿ.

ಇಂಗ್ಲಿಷರ ಸಮಾಧಿಯ ಹತ್ತಿರ ಗೈಡಿಗೆ ಹುಮ್ಮಸ್ಸು ಬಂತು. 1670ರ ಸುಮಾರಿಗೆ ಇಂಗ್ಲಿಷರ ಬುಲ್‌ಡಾಗ್ ನಾಯಿ ದೇವರ ಆಕಳನ್ನು ಕೊಂದಿತಂತೆ, ಜನ ರೊಚ್ಚಿಗೆದ್ದು ಹದಿನೆಂಟು ಇಂಗ್ಲಿಷರನ್ನು ಕೊಂದರಂತೆ. ಈ ಕತೆ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಎಂಬ ಹಡಗಿನವನು 1727ರ ಪುಸ್ತಕದಲ್ಲಿ ಬರೆದದ್ದು. ಆದರೆ ಅಲ್ಲಿ ಅಕ್ಷರ ಸಮೇತ ಕಾಣುವ ಮೂರು ಸಮಾಧಿಗಳ ಮೇಲಿನ ಇಸವಿ 1637, 1638. ಇಂಗ್ಲಿಷರು ಇಲ್ಲಿ ಕೋಠಿ ಹಾಕಿದ ಹೊಸದರಲ್ಲೇ ಸತ್ತ ಮೂವರವು. ಕತೆಗೂ ಕಲ್ಲಿಗೂ ಮೂವತ್ತು ವರ್ಷ ಅಂತರ. ಹ್ಯಾಮಿಲ್ಟನ್ ನಾಯಿಯನ್ನು ಬರೆದ, ಆಕಳನ್ನು ಬರೆದ, ಸಾಹೇಬರನ್ನು ಬರೆದ. ಆ ಸತ್ತ ಆಕಳನ್ನು ಎಳೆದುಕೊಂಡು ಹೋದವರನ್ನು ಬರೆಯಲಿಲ್ಲ.

ಊಟದ ಬಿಡುವಿನಲ್ಲಿ ನಮ್ಮಲ್ಲೊಬ್ಬನ ನೆಂಟರ ಮನೆಗೆ ಹೋದೆವು. ಇದೇ ಮೂರು ತಾಲೂಕಿನೊಳಗೆ, ಒಂದು ಸಂರಕ್ಷಿತ ಸ್ಮಾರಕದ ಹತ್ತಿರ ಇದೆ ಅವರ ಮನೆ. ಊರಿನ ಹೆಸರು ಬೇಡ. ಹಿಂದಿನ ಮಳೆಗಾಲಕ್ಕೆ ಹಿಂಬದಿಯ ಗೋಡೆ ಕುಸಿದಿದೆ. ತಾಡಪಾಲು ಕಟ್ಟಿದ್ದಾರೆ. ಸ್ಮಾರಕಗಳ ಕಾಯ್ದೆ 1958ರದ್ದು. 2010ರಲ್ಲಿ ಅದಕ್ಕೆ ತಿದ್ದುಪಡಿ ಬಂದ ಮೇಲೆ ಸ್ಮಾರಕದ ಎಲ್ಲೆಯಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಇದ್ದದ್ದನ್ನು ರಿಪೇರಿ ಮಾಡಲೂ ಅಪ್ಪಣೆ ಬೇಕು. ಅದರಾಚೆ ಇನ್ನೂ ಇನ್ನೂರು ಮೀಟರಿಗೆ ಬೇರೆ ನಿರ್ಬಂಧ. ಕೋಟೆ ಗುಡಿ ಉಳಿಯಬೇಕು, ಕಾಯ್ದೆ ಬೇಡ ಎಂದು ನಾವು ಹೇಳುವುದಿಲ್ಲ. ಹಣವಂತನ ತಾರಸಿಗೆ ಈ ದೇಶದಲ್ಲಿ ಎಲ್ಲೋ ಒಂದು ದಾರಿ ಸಿಕ್ಕೇ ಸಿಗುತ್ತದೆ. ಅರ್ಜಿ ಬರೆಯಲು ಬಾರದ ಮನೆಗೆ ನೂರು ಮೀಟರು ಅಂದರೆ ನೂರು ಮೀಟರೇ. ಮನೆಯ ಹೆಂಗಸು ಚಾ ಕೊಡುತ್ತ ಅಂದಳು: "ಬಸ್ಸಲ್ಲಿ ಬಂದವರು ನಮ್ಮ ತಾಡಪಾಲು ಬರದ ಹಾಗೆ ಪಟ ತೆಗೀತ್ರು, ಅಣ್ಣಾ. ಒಂದಿನ ಒಬ್ಬರು ಬಟ್ಟೆ ಒಣ ಹಾಕಿದ್ದು ತೆಗೀರಿ ಅಂದ್ರು." 1623ರಲ್ಲಿ ಗುಡಿಸಲು ಬಿಟ್ಟರೆ ಏನೂ ಕಾಣುವುದಿಲ್ಲ ಎಂದು ಬರೆದ ಆ ಪರದೇಶಿ ನಮಗೆ ನೆನಪಾದ.

ಸಂಜೆ ಬಸ್ಸು ಹೊರಡುವ ಮುಂಚೆ ಗೈಡು ಹುಡುಗ ನಮ್ಮ ಹತ್ತಿರ ಬಂದ. ಮೂರು ದಿನ ನಮ್ಮ ಪ್ರಶ್ನೆಗಳಿಗೆ ಕಣ್ಣು ತಪ್ಪಿಸುತ್ತಿದ್ದವನು. "ಅಣ್ಣಾ, ನನ್ನ ಅಪ್ಪನೂ ಚಿರೇಕಲ್ಲು ಕ್ವಾರಿಯಲ್ಲೇ ಇದ್ದ. ಈಗ ಮಷಿನ್ ಬಂದದೆ, ಅಪ್ಪ ಮನೆಯಲ್ಲಿದ್ದ, ಕೆಮ್ಮು ಬಿಡೂದಿಲ್ಲ. ನಾನು ಅದನ್ನ ಹೇಳಿದ್ರೆ ಯಾರು ಕೇಳ್ತ್ರು? ಬರೆದು ಕೊಟ್ಟದ್ದನ್ನ ಹೇಳ್ಬೇಕು, ಅಷ್ಟೇಯ."

ಗುಡಿಯ ಲೆಕ್ಕದ ಕಲ್ಲು, 24, 42, 20, ಒಂದು ದ್ರಾಕ್ಮ, ಜಕ್ಕಮ್ಮ, ಮುದುಕಿಯ ಪ್ರಶ್ನೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅವನ ಕೈಗೆ ಕೊಟ್ಟೆವು. ಓದಿ, ಮಡಚಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಕಲ್ಲು ಕಡಿಯುವ ಕೊಡಲಿಯನ್ನು ಅಪ್ಪ ಇನ್ನೂ ಮಾಡಿನಲ್ಲಿ ಸಿಕ್ಕಿಸಿ ಇಟ್ಟಿದ್ದಾನೆ, ಮುಂದಿನ ತಂಡ ಬಂದಾಗ ಅದನ್ನು ಮಿರ್ಜಾನಕ್ಕೆ ತಂದು ತೋರಿಸಿದರೆ ಹೇಗೆ ಎಂದು ನಮ್ಮನ್ನೇ ಕೇಳಿದ. ಕಂಪನಿಯವರು ಬಿಡಬೇಕಲ್ಲ ಎಂದೂ ಅಂದ. ಮುಂದಿನ ತಂಡ ಶುಕ್ರವಾರ ಬರುತ್ತದೆ.