ಪೊಟ್ಟಣದ ಬೆನ್ನಿನ ಓದು

ಕಳೆದ ಮಳೆಗಾಲದಲ್ಲಿ ಕುಷ್ಟಗಿಯ ಪ್ರೌಢಶಾಲೆಯೊಂದರ ಮಕ್ಕಳೊಡನೆ ಊಟದ ವಿಷಯವಾಗಿ ನಾಲ್ಕು ಮಾತು ಆಡುವ ಪ್ರಸಂಗ ನನಗೆ ಬಂದಿತು. ಉಪದೇಶಕ್ಕೆ ತೊಡಗಿದರೆ ಮಕ್ಕಳಿಗೆ ತೂಕಡಿಕೆ ಹತ್ತುವುದೆಂದು ಅನುಭವದಿಂದ ಬಲ್ಲವನಾದ್ದರಿಂದ, ಐದು ರೂಪಾಯಿಯ ಚಿಪ್ಸ್ ಪೊಟ್ಟಣವೊಂದನ್ನು ಕೊಟ್ಟು, ಅದರ ಬೆನ್ನಿನ ಮೇಲೆ ಬರೆದುದನ್ನು ಓದಿರೆಂದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು, ಅಕ್ಷರಕ್ಕೆ ಅಕ್ಷರ ಕೂಡಿಸಿ, ‘ಎನರ್ಜಿ’ ಎಂದು ಓದಿದ. ಮುಂದಿನ ಅಂಕಿ ಕಂಡು ಅವನ ಮುಖ ಅರಳಿತು.

“ಎನರ್ಜಿ ಅಂದ್ರ ಶಕ್ತಿ ಅಲ್ಲೇನ್ರೀ ಸರ? ಐನೂರರ ಮ್ಯಾಲ ಐತಿ. ಹಂಗಾದ್ರ ಇದು ಭಾಳ ಚಲೋ ತಿನಿಸು!”

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ನಗು ಉಳಿಯಲಿಲ್ಲ. ಹುಡುಗ ತಪ್ಪು ಓದಿರಲಿಲ್ಲ. ನಿಘಂಟಿನಲ್ಲಿರುವ ಅರ್ಥವನ್ನೇ ಹೇಳಿದ್ದ. ಆ ಅಂಕಿ ಬಲದ ಅಳತೆಯಲ್ಲ, ಒಲೆಗೆ ಹಾಕುವ ಸೌದೆಯ ಲೆಕ್ಕ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ನೂರು ಗ್ರಾಂ ಜೋಳದಲ್ಲಿ ಸುಮಾರು 340 ಕ್ಯಾಲೊರಿ. ಅದೇ ತೂಕದ ಚಿಪ್ಸಿನಲ್ಲಿ ಐನೂರು ದಾಟುವುದಕ್ಕೆ ಕಾರಣ ಎಣ್ಣೆ. ಒಂದು ಗ್ರಾಂ ಹಿಟ್ಟಿನ ಅಂಶ 4 ಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಎಣ್ಣೆ 9 ಕೊಡುತ್ತದೆ.

ಈ ಸೀಮೆಯ ಹಿರಿಯರ ಊಟಕ್ಕೆ ಇಂಥ ಚೀಟಿಯ ಹಂಗಿರಲಿಲ್ಲ. ಎರೆ ಹೊಲದ ಜೋಳ, ಮಸಾರಿಯ ಸಜ್ಜೆ, ಹಗೇವಿನಲ್ಲಿ ತುಂಬಿಟ್ಟ ಕಾಳು. ತಿನ್ನುವ ವಸ್ತು ಎಲ್ಲಿಂದ ಬಂತೆಂಬುದು ತಿನ್ನುವವನಿಗೆ ತಿಳಿದೇ ಇರುತ್ತಿತ್ತು. ಇದನ್ನು ನೆನೆದು ‘ಹಿಂದಿನ ಊಟವೇ ಊಟ’ ಎಂದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಬಹಳ. ಆದರೆ ಇತಿಹಾಸ ಈ ನಿಟ್ಟುಸಿರನ್ನು ಪೂರ್ತಿ ಒಪ್ಪುವುದಿಲ್ಲ.

1956ರ ನವೆಂಬರ್ 1ರವರೆಗೆ ಕುಷ್ಟಗಿ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ದಖ್ಖನದ ಬಡವರಲ್ಲಿ ಬಿಸಿಲು ತಾಗುವ ಕೈ, ಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಒಡೆಯುವ ರೋಗವೊಂದು ಕಾಣುತ್ತಿತ್ತು, ಅದೇ ಪೆಲಾಗ್ರ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನಂಬಿದ ಬಡವರನ್ನು ಕಾಡಿದ ರೋಗವೂ ಇದೇ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಕೂನೂರಿನಲ್ಲಿ ಬೆರಿಬೆರಿಯ ಶೋಧನೆಗೆಂದು ಆರಂಭಿಸಿದ ಚಿಕ್ಕ ಪ್ರಯೋಗಾಲಯವು ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂದಿತು; ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಅದೇ. ಅಲ್ಲಿಯ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಈ ರೋಗಕ್ಕೂ ಜೋಳದ ಊಟಕ್ಕೂ ಇರುವ ನಂಟನ್ನು ಕುರಿತು ಬರೆದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವು ದೇಹದಲ್ಲಿ ನಯಾಸಿನ್ ಜೀವಸತ್ವದ ಕೆಲಸಕ್ಕೆ ಅಡ್ಡಿ ಬರುತ್ತದೆಂಬುದು ಅವರ ವಾದ. ಕಾರಣವನ್ನು ಕುರಿತು ಮುಂದೆ ವಿದ್ವಾಂಸರು ಚರ್ಚಿಸಿದರೂ ಮದ್ದಿನ ವಿಷಯದಲ್ಲಿ ತಕರಾರಿರಲಿಲ್ಲ: ರೊಟ್ಟಿಯ ಜೊತೆಗೆ ಬೇರೆಯದೂ ಇರಬೇಕು.

ಇಲ್ಲಿಯೇ ನೋಡಿ ಸ್ವಾರಸ್ಯ. ರೊಟ್ಟಿಯ ಪಕ್ಕಕ್ಕೆ ನಮ್ಮ ತಾಯಂದಿರು ಇಡುತ್ತಿದ್ದ ಶೇಂಗಾ ಹಿಂಡಿಯಲ್ಲಿ ನಯಾಸಿನ್ ಧಾರಾಳವಾಗಿದೆ. ಕಾಳಿನ ಪಲ್ಯ, ಸೊಪ್ಪು, ಮೊಸರು ಸೇರಿದರೆ ಆ ತಾಟಿಗೆ ಯಾವ ಪಂಡಿತನೂ ಹೆಸರಿಡಲಾರ. ಆದರೆ ಆ ತಾಟು ಎಲ್ಲರಿಗೂ ಇರಲಿಲ್ಲ. ಉಳ್ಳವನಿಗೆ ತುಂಬಿದ ತಾಟು. ಕೂಲಿಯವನಿಗೆ ರೊಟ್ಟಿ, ಮೇಲೆ ಖಾರ. ರೋಗ ಬಂದುದು ಎರಡನೆಯವನ ಮನೆಗೆ. ಆದ್ದರಿಂದ ಮಕ್ಕಳಿಗೆ ‘ಹಿಂದಿನಂತೆ ಉಣ್ಣಿರಿ’ ಎಂದಷ್ಟೇ ಹೇಳಿದರೆ ಸಾಲದು; ಏನನ್ನು, ಯಾವುದರ ಜೊತೆಗೆ, ಏಕೆ ಎಂಬುದನ್ನೂ ಹೇಳಬೇಕು.

ಈಗ ಸೀಮೆಯ ತಾಟು ಬದಲಾಗಿದೆ. ಪಡಿತರದ ಅಕ್ಕಿ ಬಂದಿದೆ. ಶಾಲೆಯಲ್ಲಿ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, 2021ರ ಕೊನೆಯಿಂದ ಮೊಟ್ಟೆ ಅಥವಾ ಬಾಳೆಹಣ್ಣು ಬಂದಿವೆ. ಇವು ಹಸಿವಿನ ಮೇಲೆ ಗಳಿಸಿದ ಸಣ್ಣ ಗೆಲುವುಗಳಲ್ಲ. ಇವುಗಳ ಬೆನ್ನಿಗೇ ಅಂಗಡಿಯ ಬಾಗಿಲಲ್ಲಿ ಬಣ್ಣದ ಪೊಟ್ಟಣಗಳ ಮಾಲೆಯೂ ತೂಗಿದೆ.

ಪೊಟ್ಟಣಕ್ಕೆ ಕಾಯಿದೆಯ ಕಡಿವಾಣ ಇಲ್ಲದಿಲ್ಲ. 1954ರ ಕಲಬೆರಕೆ ತಡೆ ಕಾಯಿದೆ ವ್ಯಾಪಾರಿಯ ಮೋಸಕ್ಕೆ ಹಾಕಿದ ಬೇಲಿ. ಒಳಗೆ ಎಷ್ಟು ಕೊಬ್ಬು, ಎಷ್ಟು ಸಕ್ಕರೆ ಎಂದು ಬರೆಯುವುದು ಕಡ್ಡಾಯವಾದುದು 2009ರಿಂದ. 2006ರ ಆಹಾರ ಸುರಕ್ಷತೆಯ ಕಾಯಿದೆ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದಿತು. ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಮಾರಬಾರದೆಂದು 2020ರ ನಿಯಮ ಹೇಳುತ್ತದೆ.

ಎಲ್ಲವೂ ಸರಿಯೆ. ಆದರೆ ಬರೆಯುವ ಭಾಷೆ? ಇಂಗ್ಲಿಷ್ ಇರಬೇಕು, ಇಲ್ಲವೆ ದೇವನಾಗರಿಯ ಹಿಂದಿ; ಬೇರೆ ಭಾಷೆಯನ್ನು ಬೇಕಾದರೆ ಜೊತೆಗೆ ಸೇರಿಸಿಕೊಳ್ಳಬಹುದೆಂದು ಕೇಂದ್ರದ ನಿಯಮ. ‘ಬೇಕಾದರೆ’ ಎಂದ ಮೇಲೆ ಯಾರಿಗೆ ಬೇಕು? ನಿಜಾಮರ ಕಾಲದಲ್ಲಿ ಇಲ್ಲಿಯ ಮಕ್ಕಳು ಮನೆಯಲ್ಲಿ ಕನ್ನಡವಾಡಿ ಪ್ರೌಢಶಾಲೆಯಲ್ಲಿ ಉರ್ದುವಿನಲ್ಲಿ ಪಾಠ ಕೇಳುತ್ತಿದ್ದರು. ಅರ್ಥವಾಗದ ಭಾಷೆಯಲ್ಲಿ ಕಲಿತ ವಿದ್ಯೆಯ ಕಷ್ಟವನ್ನು ಈ ಸೀಮೆಗೆ ಯಾರೂ ಹೊಸದಾಗಿ ವಿವರಿಸಬೇಕಿಲ್ಲ. ಆ ಶಾಲೆಗಳು ಕನ್ನಡಕ್ಕೆ ಬಂದವು, ಪೊಟ್ಟಣ ಬರಲಿಲ್ಲ.

ಆ ದಿನ ಶಾಲೆಯಲ್ಲಿ ನಾವು ಮಾಡಿದ ಕೆಲಸ ಬಹಳ ಸಣ್ಣದು. ಕರಿಹಲಗೆಯ ಮೇಲೆ ಎಡಕ್ಕೆ ಪೊಟ್ಟಣದ ಮಾತು, ಬಲಕ್ಕೆ ಮನೆಯ ಮಾತು ಬರೆದೆವು. ಬಿಸ್ಕತ್ತಿನ ಮೇಲಿನ ‘ರಿಫೈನ್ಡ್ ವೀಟ್ ಫ್ಲೋರ್’ ಎಂಬುದನ್ನು ಮಕ್ಕಳು ಗೋಧಿ ಎಂದರು, ಅದು ಮೈದಾ. ‘ಇನ್‌ವರ್ಟ್ ಸಿರಪ್’ ಎಂದರೆ ಸಕ್ಕರೆಯದೇ ಪಾಕ. ‘ಪಾಮೊಲಿನ್’ ತಾಳೆ ಎಣ್ಣೆ. ಸೋಡಿಯಮ್ಮನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ದೊಡ್ಡವರಿಗೂ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನೊಂದು ಗುಟ್ಟು: ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮೊದಲ ಮೂರು ಹೆಸರು ಓದಿದರೆ ಪೊಟ್ಟಣದ ಬಹುಪಾಲು ಗುಣ ತಿಳಿದಂತೆಯೇ.

ಎನರ್ಜಿಯ ಹುಡುಗ ಪೊಟ್ಟಣವನ್ನು ಮತ್ತೆ ತಿರುವಿ ನೋಡಿ, “ಸೌದಿ ಭಾಳ ಐತಿ, ಅಡಿಗಿ ಏನೂ ಇಲ್ರೀ ಸರ” ಎಂದ. ನನ್ನ ಅರ್ಧ ಗಂಟೆಯ ಮಾತನ್ನು ಅವನು ಒಂದು ಸಾಲಿಗೆ ಇಳಿಸಿದ್ದ.

ಹೊರಡುವಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ತಿನ್ನಾವ್ರು ನಾವು. ಮತ್ತ ಇದನ್ನ ಕನ್ನಡದಾಗ ಯಾಕ ಬರಿಯಂಗಿಲ್ರೀ?”

ಉತ್ತರ ಕೊಡಬೇಕಾದವರು ಆ ತರಗತಿಯಲ್ಲಿ ಇರಲಿಲ್ಲ. ಪ್ರಶ್ನೆಯನ್ನು ಅವರವರೆಗೆ ಮುಟ್ಟಿಸುವೆನೆಂದು ಅವಳಿಗೆ ಮಾತು ಕೊಟ್ಟು ಬಂದೆ. ಇಂದು ಅದನ್ನು ಇಲ್ಲಿ ನಡೆಸಿದ್ದೇನೆ.