ಆತಗೂರಿನ ಕಾಳಿ, ನಮ್ಮ ಕೆಂಚ, ಇನ್ನು ಬರೋ ಮರಿ

ಹೋದ ಸಲ ಕಬ್ಬಿನ ಕೂಳೆ ಬಗ್ಗೆ ಬರೆದಿದ್ದೆ. ಈ ಸಲ ಬೆಳೆ ವಿಚಾರ ಅಲ್ಲ, ನಾಯಿ ವಿಚಾರ. ಬರೋ ಭಾನುವಾರ ನಮ್ಮನೆಗೆ ಒಂದು ಮರಿ ಬರ್ತಾ ಐತೆ. ಅದಕ್ಕೆ ತಯಾರಿ ಮಾಡ್ತಾ ಮಾಡ್ತಾ ನಮ್ಮ ತಾಲ್ಲೂಕಿನದೇ ಒಂದು ಹಳೇ ಕಥೆ ನೆನಪಾಯ್ತು. ಸಾವಿರ ವರ್ಷಕ್ಕೂ ಹಳೇದು. ಮೊದಲು ಅದನ್ನ ಹೇಳಿಬಿಡ್ತೀನಿ.

ನಮ್ಮ ಮದ್ದೂರು ತಾಲ್ಲೂಕಿನ ಆತಗೂರು ಎಲ್ಲರಿಗೂ ಗೊತ್ತು. ಹಳೇ ಹೆಸರು ಆತಕೂರು. ಅಲ್ಲಿ ಸಿಕ್ಕ ಒಂದು ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರೈತೆ. ಮಗಳ ಮನೆಗೆ ಹೋದಾಗ ಒಂದು ಸಲ ನೋಡಿ ಬಂದಿದ್ದೆ. ಕಲ್ಲಿನಲ್ಲಿ ಒಂದು ನಾಯಿ, ಒಂದು ಹಂದಿ ಕಾದಾಡ್ತಾ ಇರೋ ಹಂಗೆ ಕೆತ್ತವ್ರೆ. ಸುತ್ತ ಹಳಗನ್ನಡದ ಬರಹ. ವೀರಗಲ್ಲು ಅಂದ್ರೆ ಸಾಮಾನ್ಯವಾಗಿ ಯುದ್ಧದಲ್ಲಿ ಸತ್ತ ಮನುಷ್ಯನದು. ಇದು ನಾಯಿಗೆ ನೆಟ್ಟ ಕಲ್ಲು.

ಕಾಲ ಶಕವರ್ಷ 872, ಅಂದ್ರೆ ಕ್ರಿ.ಶ. 949-50. ಆಗ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲ ಅನ್ನೋ ಕಡೆ ದೊಡ್ಡ ಯುದ್ಧ ಆಯ್ತು. ಚೋಳರ ರಾಜಾದಿತ್ಯ ಆನೆ ಮೇಲಿದ್ದಂಗೇ ಸತ್ತ. ಅವನನ್ನ ಕೊಂದವನು ನಮ್ಮ ಕಡೆಯ ಗಂಗರ ಬೂತುಗ. ಆ ಬೂತುಗನ ಕಡೆ ಮಣಲೆರ ಅಂತ ಒಬ್ಬ ವೀರ ಇದ್ದ. ಅವನ ಪರಾಕ್ರಮ ನೋಡಿ ಬೂತುಗ, ನಿನಗೆ ಏನು ಬೇಕೋ ಕೇಳು ಅಂದ. ಮಣಲೆರ ಕೇಳಿದ್ದು ಬೂತುಗನ ಹತ್ರ ಇದ್ದ ಕಾಳಿ ಅನ್ನೋ ನಾಯಿನ.

ಯೋಚನೆ ಮಾಡಿ ನೋಡಿ. ರಾಜ ಬಾಯಿಬಿಟ್ಟು ಕೇಳು ಅಂದಾಗ ನಾಯಿ ಕೇಳಿದ! ಆಮೇಲೆ ಆ ಕಾಳಿನ ಬೆಳತೂರಿನ ಪಡುವಲ ಗುಡ್ಡದಲ್ಲಿ ಒಂದು ದೊಡ್ಡ ಹಂದಿ ಮೇಲೆ ಬಿಟ್ಟರು. ಹಂದಿನೂ ನಾಯಿನೂ ಕಾದಾಡಿ ಎರಡೂ ಒಟ್ಟಿಗೇ ಸತ್ತವು. ಅದಕ್ಕೆ ಆತಕೂರಿನ ಚಲ್ಲೇಶ್ವರನ ಗುಡಿ ಮುಂದೆ ಕಲ್ಲು ನೆಟ್ಟು, ದೊಡ್ಡ ಕೆರೆ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ರೈತರಿಗೆ ಬಿಡಿಸಿ ಹೇಳಬೇಕಿಲ್ಲ, ಕೆರೆ ಕೆಳಗಿನ ಭೂಮಿ ಅಂದ್ರೆ ನೀರಾವರಿ ಗದ್ದೆ, ಊರಿನಲ್ಲೇ ಬೆಲೆ ಬಾಳೋ ಜಾಗ. ಖಂಡುಗ ಅಂದ್ರೆ ಇಪ್ಪತ್ತು ಕೊಳಗ ಬಿತ್ತನೆ ಹಿಡಿಯೋ ನೆಲ. ಅಷ್ಟೇ ಅಲ್ಲ, ಗುಡಿಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ್ರೆ ನಾಯಿಯ ಪಾಪ ಅವನಿಗೆ ತಟ್ಟುತ್ತೆ ಅಂತಲೂ ಬರೆಸವ್ರೆ. ಮೊದಲು ನಾಯಿಗೆ, ಆಮೇಲೆ ಮನುಷ್ಯನ ಹೊಟ್ಟೆಗೆ.

ಈಗ ನಮ್ಮನೆ ಕಥೆ. ಹೇಳೋಕೆ ನಾಚಿಕೆ ಆಗ್ತದೆ, ಆದ್ರೂ ಹೇಳ್ತೀನಿ.

ಹೋದ ವರ್ಷ ಮಳೆಗಾಲದ ಮೊದಲು ಒಂದು ಮರಿ ತಂದೆ. ಪಕ್ಕದೂರಿನಲ್ಲಿ ಒಬ್ಬರು ಬೇಕಾದ್ರೆ ಎತ್ಕೊಂಡು ಹೋಗಿ ಅಂದ್ರು. ಮರಿಗೆ ತಿಂಗಳೂ ತುಂಬಿರಲಿಲ್ಲ. ಸಿಮೆಂಟ್ ಚೀಲದಲ್ಲಿ ಹಾಕ್ಕೊಂಡು ಬೈಕಿನಲ್ಲಿ ತಂದೆ. ಕೆಂಚ ಅಂತ ಹೆಸರಿಟ್ಟೆವು. ಮನೆ ಒಳಗೆ ಟೈಲ್ಸ್ ಮೇಲೆ ಉಚ್ಚೆ ಹೊಯ್ದಾಗೆಲ್ಲ ಮೂತಿ ಹಿಡಿದು ನೆಲಕ್ಕೆ ಉಜ್ಜಿ ಒಂದು ಏಟು ಕೊಡ್ತಿದ್ದೆ. ಹಂಗೆ ಮಾಡಿದ್ರೇ ಕಲಿಯೋದು ಅಂತ ನಮ್ಮ ತಲೇಲಿತ್ತು. ಅದು ಕಲಿತಿದ್ದು ಒಂದೇ, ನನ್ನ ಕಂಡ್ರೆ ಮಂಚದ ಕೆಳಗೆ ಹೋಗಿ ಅಲ್ಲೇ ಹೊಯ್ಯೋದು. ಇಂಜೆಕ್ಷನ್ ಹಾಕಿಸಲಿಲ್ಲ. ಊರ ನಾಯಿಗೆ ಯಾಕೆ ಅಂದೆ. ಬಂದು ಮೂರು ವಾರ ಆಗಿರಬೇಕು, ವಾಂತಿ ಶುರು ಆಯ್ತು, ಆಮೇಲೆ ರಕ್ತ ಭೇದಿ. ಡಾಕ್ಟರ್ ಹತ್ರ ಹೋಗೋ ಹೊತ್ತಿಗೆ ತಡ ಆಗಿತ್ತು. ಪಾರ್ವೊ ಅಂದ್ರು. ಮೂರನೇ ದಿನ ಹೋಯ್ತು. ಹಿತ್ತಲಲ್ಲಿ ತೆಂಗಿನ ಮರದ ಹತ್ರ ಗುಂಡಿ ತೋಡಿದೆ. ಮೊಮ್ಮಗ ನಿಂತು ನೋಡ್ತಾ, ತಾತ, ಸೂಜಿ ಹಾಕಿಸಿದ್ರೆ ಇರ್ತಿತ್ತಾ ಅಂತ ಕೇಳಿದ. ನನಗೆ ಬಾಯಿ ಬರಲಿಲ್ಲ.

ಆಮೇಲೆ ಕೂತು ಯೋಚನೆ ಮಾಡಿದೆ. ನಮ್ಮಪ್ಪನ ಕಾಲದಲ್ಲೂ ನಾಯಿ ಇದ್ದವು. ಯಾರೂ ಸೂಜಿ ಹಾಕಿಸಲಿಲ್ಲ, ಯಾರೂ ಉಚ್ಚೆ ಹೊಯ್ಯೋಕೆ ಪಾಠ ಹೇಳಲಿಲ್ಲ. ಹಂಗಾದ್ರೆ ಈಗ ಯಾಕೆ ಬೇಕು? ಉತ್ತರ ಇರೋದು ನಾಯಿ ಹತ್ರ ಅಲ್ಲ, ನಮ್ಮ ಹತ್ರ.

ಮೊದಲನೇದು ಮನೆ. ಆಗ ನಮ್ಮದು ತೊಟ್ಟಿ ಮನೆ, ಮುಂದೆ ಜಗಲಿ, ಹಿಂದೆ ಹಿತ್ತಲು, ಪಕ್ಕದಲ್ಲಿ ತಿಪ್ಪೆ. ಗೇಟು ಅನ್ನೋದೇ ಇರಲಿಲ್ಲ. ನಾಯಿ ಮಲಗ್ತಿದ್ದುದು ಜಗಲಿ ಕೆಳಗೆ ಇಲ್ಲ ಕಣದ ಹುಲ್ಲಿನಲ್ಲಿ. ನಾಯಿಮರಿ ಹುಟ್ಟುಗುಣವೇ ಮಲಗೋ ಜಾಗ ಗಲೀಜು ಮಾಡದೆ ದೂರ ಹೋಗೋದು. ನಾಲ್ಕು ಹೆಜ್ಜೆ ಇಟ್ರೆ ತಿಪ್ಪೆ. ಕಲಿಸೋದು ಏನಿತ್ತು? ಈಗ ಆರ್‌ಸಿಸಿ ಮನೆ, ಟೈಲ್ಸ್, ಕಾಂಪೌಂಡು, ಗೇಟು. ಬಾಗಿಲು ಹಾಕಿ ಒಳಗೆ ಕೂಡಿ, ಹೊರಗೆ ಯಾಕೆ ಹೋಗಲಿಲ್ಲ ಅಂತ ಹೊಡಿತೀವಿ. ಮನೆ ಬದಲಾಯಿಸಿದವರು ನಾವು, ಏಟು ತಿನ್ನೋದು ಅದು.

ಎರಡನೇದು ರೋಗ. ಪಾರ್ವೊ ಅನ್ನೋದು ಲೋಕದಲ್ಲಿ ಕಾಣಿಸಿಕೊಂಡಿದ್ದೇ 1978ರ ಸುಮಾರಿಗೆ. ಒಂದೆರಡು ವರ್ಷದಲ್ಲಿ ದೇಶ ದೇಶಕ್ಕೂ ಹಬ್ಬಿತು. ಅಂದ್ರೆ ನಮ್ಮ ತಾತನ ನಾಯಿಗಳಿಗೆ ಈ ರೋಗ ಗೊತ್ತೇ ಇರಲಿಲ್ಲ. ಅವರ ಕಾಲದ ಲೆಕ್ಕ ಈಗ ನಡೆಯಲ್ಲ. ಈ ವೈರಸ್ಸು ನೆರಳಿನ ಹಸಿ ಮಣ್ಣಿನಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಬದುಕಿರ್ತದೆ.

ಮೂರನೇದು ಹುಚ್ಚು ನಾಯಿ ಕಾಯಿಲೆ. ಇದು ಹಳೇದೇ. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ 1885ರಲ್ಲಿ ಮೊದಲು ಒಬ್ಬ ಹುಡುಗನಿಗೆ ಲಸಿಕೆ ಹಾಕಿ ಉಳಿಸಿದ. ನಮ್ಮಲ್ಲಿ ಬಹಳ ಕಾಲ ಇದ್ದಿದ್ದು ಕುರಿ ಮೆದುಳಿಂದ ಮಾಡಿದ ಲಸಿಕೆ, ಹೊಟ್ಟೆಗೆ 14 ಇಂಜೆಕ್ಷನ್. ನಾನು ಹುಡುಗ ಇದ್ದಾಗ ನಮ್ಮ ಚಿಕ್ಕಪ್ಪ ಹಾಕಿಸಿಕೊಂಡು ಬಂದು ನರಳಿದ್ದು ಕಣ್ಣಿಗೆ ಕಟ್ಟಿದಂಗೈತೆ. ಆ ಲಸಿಕೆ 2005ರ ಹೊತ್ತಿಗೆ ನಿಂತೋಯ್ತು. ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೆ. ಆದ್ರೆ ಕಾಯಿಲೆ ಶುರು ಆದ ಮೇಲೆ ಅವತ್ತೂ ಔಷಧಿ ಇರಲಿಲ್ಲ, ಇವತ್ತೂ ಇಲ್ಲದಂಗೇ. ಮನೇಲಿ ಮಕ್ಕಳು ಇದ್ದವರು ನಾಯಿಗೆ ಸೂಜಿ ಹಾಕಿಸದೆ ಇರೋದು ತಪ್ಪು.

ಅದಕ್ಕೇ ಈ ಸಲ ಅವಸರ ಮಾಡಲಿಲ್ಲ. ಕೆಂಚ ಹೋಗಿ ವರ್ಷ ದಾಟೋವರೆಗೂ ಕಾದೆ. ಅದು ಓಡಾಡಿದ ಸಿಮೆಂಟ್ ನೆಲಕ್ಕೆಲ್ಲ ಬ್ಲೀಚಿಂಗ್ ಪುಡಿ ನೀರು ಹಾಕಿ ಉಜ್ಜಿದೆ. ಅದರ ತಟ್ಟೆ, ಗೋಣಿಚೀಲ ಸುಟ್ಟೆ. ನೆರಳು ಬೀಳೋ ಕಡೆ ಕೊಂಬೆ ಸವರಿ ಬಿಸಿಲು ಬೀಳೋ ಹಂಗೆ ಮಾಡಿದೆ.

ಯಾವ ಜಾತಿ ನಾಯಿ ಅಂತ ಕೇಳಿದವರು ಬಹಳ ಜನ. ಒಬ್ಬರು ಮುಧೋಳ ತನ್ನಿ ಅಂದ್ರು. ಮುಧೋಳ ನಾಯಿ ನಮ್ಮ ನಾಡಿನ ಹೆಮ್ಮೆ, 2005ರಲ್ಲಿ ಅಂಚೆ ಚೀಟಿ ಮೇಲೂ ಬಂತು, ಸೈನ್ಯಕ್ಕೂ ಸೇರಿತು. ಆದ್ರೆ ಅದು ಬಯಲುಸೀಮೆಯಲ್ಲಿ ಮೊಲದ ಹಿಂದೆ ಓಡೋಕೆ ಬೆಳೆಸಿದ ನಾಯಿ. ಒಂದೂವರೆ ಎಕರೆಯವನು ಸರಪಳಿ ಹಾಕಿ ಕಟ್ಟಿದ್ರೆ ಅದಕ್ಕೂ ಕಷ್ಟ, ನಮಗೂ ಕಷ್ಟ. ನಾನು ನಮ್ಮೂರ ನಾಯಿ ಮರಿನೇ ಒಪ್ಪಿಕೊಂಡೆ. ಭಾನುವಾರಕ್ಕೆ ಎಂಟು ವಾರ ತುಂಬುತ್ತೆ. ಅಲ್ಲಿತನಕ ತಾಯಿ ಹತ್ರನೇ ಬಿಟ್ಟೀವಿ. ತಾಯಿ ಹಾಲಿನ ಬಲ ಒಂದು, ಕಚ್ಚಾಟದಲ್ಲಿ ಎಷ್ಟು ಕಚ್ಚಬೇಕು ಅಂತ ಅಣ್ಣತಮ್ಮಂದಿರ ಹತ್ರ ಕಲಿಯೋದು ಇನ್ನೊಂದು. ಮೊದಲ ಸೂಜಿ, ಜಂತುಹುಳದ ಔಷಧಿ ಆಗೈತೆ. ನಾಲ್ಕು ತಿಂಗಳು ತುಂಬೋವರೆಗೂ ಮೂರು ನಾಲ್ಕು ವಾರಕ್ಕೊಂದು ಸೂಜಿ, ಮೂರು ತಿಂಗಳಿಗೆ ರೇಬಿಸ್‌ನದು. ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟೀನಿ. ಅದು ಮುಗಿಯೋವರೆಗೂ ಬೀದಿ ನಾಯಿಗಳ ಸಹವಾಸ ಇಲ್ಲ.

ಬಾಗಿಲ ಪಕ್ಕ ಒಂದು ಮಂಕರಿ, ಒಳಗೆ ಹಳೇ ಸೀರೆ. ತಾಯಿ ಮಲಗೋ ಕಡೆಯಿಂದ ಒಂದು ಬಟ್ಟೆ ತುಂಡು ತರ್ತೀವಿ, ವಾಸನೆಗೆ ರಾತ್ರಿ ಅಳೋದು ಕಮ್ಮಿ ಆಗ್ತದೆ. ಇಲಿ ಪಾಷಾಣ, ಔಷಧಿ ಡಬ್ಬ, ಯೂರಿಯಾ ಚೀಲ ಎಲ್ಲ ಅಟ್ಟಕ್ಕೆ ಹೋದವು. ನೀರಿನ ತೊಟ್ಟಿಗೆ ಹಲಗೆ ಮುಚ್ಚಿದೆ.

ಇನ್ನು ಹೊರಗೆ ಹೋಗೋ ಅಭ್ಯಾಸ. ಹಿತ್ತಲ ಮೂಲೇಲಿ ಒಂದು ಜಾಗ ಗೊತ್ತು ಮಾಡಿದೀವಿ, ಕೆಂಚನ ಗುಂಡಿಯಿಂದ ದೂರ. ಎದ್ದ ತಕ್ಷಣ, ಊಟ ಆದ ತಕ್ಷಣ, ಆಟ ಆಡಿದ ಮೇಲೆ, ಮಲಗೋಕೆ ಮುಂಚೆ ಎತ್ತಿಕೊಂಡು ಹೋಗಿ ಅಲ್ಲೇ ಬಿಡೋದು. ಎರಡು ತಿಂಗಳ ಮರಿ ಹಗಲು ಎರಡು ಗಂಟೆ ತಡೆದ್ರೆ ಹೆಚ್ಚು, ರಾತ್ರಿನೂ ಒಂದು ಸಲ ಏಳಲೇಬೇಕು. ಹೆಂಗೂ ಮೋಟರ್ ಕರೆಂಟಿಗೆ ಏಳ್ತೀವಲ್ಲ, ಹಂಗೇ. ಅಲ್ಲಿ ಹೊಯ್ದ ಕೂಡಲೇ ತಲೆ ಸವರಿ ಭೇಷ್ ಅನ್ನಬೇಕು. ಮನೆಗೆ ಬಂದ ಮೇಲೆ ಅಂದ್ರೆ ಅದಕ್ಕೆ ಯಾತಕ್ಕೆ ಅಂತ ತಿಳಿಯಲ್ಲ. ಊಟ ಹೊತ್ತು ಹೊತ್ತಿಗೆ ಕೊಟ್ರೆ ಹೊರಗೆ ಹೋಗೋದೂ ಹೊತ್ತು ಹೊತ್ತಿಗೆ ಬರ್ತದೆ. ಒಳಗೆ ಹೊಯ್ದ್ರೆ ಸುಮ್ಮನೆ ಒರೆಸಿ, ವಾಸನೆ ಉಳೀದಂಗೆ ತೊಳೆಯೋದು. ವಾಸನೆ ಇದ್ರೆ ಅದೇ ಜಾಗಕ್ಕೆ ಮತ್ತೆ ಬರ್ತದೆ. ಮೂತಿ ಉಜ್ಜೋದು, ಹೊಡೆಯೋದು ಈ ಮನೇಲಿ ಇನ್ನಿಲ್ಲ. ಹಂಗಂತ ಮೊಮ್ಮಗನ ಮುಂದೆ ಮಾತು ಕೊಟ್ಟೀನಿ.

ಹಂದಿ ಕಾಟ ಕಾಳಿ ಕಾಲದಲ್ಲೂ ಇತ್ತು, ನಮ್ಮ ಕಬ್ಬಿನಲ್ಲಿ ಈಗಲೂ ಐತೆ. ಹಂಗಂತ ಈ ಮರಿ ದೊಡ್ಡದಾದ ಮೇಲೆ ಹಂದಿ ಮೇಲೆ ಬಿಡೋನಲ್ಲ ನಾನು. ಅದು ಕಾನೂನಿಗೂ ವಿರುದ್ಧ, ನಾಯಿ ಜೀವಕ್ಕೂ ಕೇಡು. ಬೊಗಳಿ ಎಬ್ಬಿಸಿದ್ರೆ ಸಾಕು, ಬ್ಯಾಟರಿ ಹಿಡಿದು ನಾನು ಹೋಗ್ತೀನಿ.

ಮಣಲೆರ ನಾಯಿ ಸತ್ತ ಮೇಲೆ ಗದ್ದೆ ಬಿಟ್ಟ. ನಮ್ಮಂಥವರಿಗೆ ಎರಡು ಖಂಡುಗ ಗದ್ದೆ ಬಿಡೋ ಶಕ್ತಿ ಇಲ್ಲ. ನಾಲ್ಕು ಸೂಜಿ, ಒಂದು ಮಂಕರಿ, ರಾತ್ರಿ ಒಂದು ಸಲ ಏಳೋದು, ಇಷ್ಟು ಬದುಕಿದ್ದಾಗಲೇ ಕೊಟ್ರೆ ಕಲ್ಲು ನೆಡೋ ಪ್ರಸಂಗ ಬೇಗ ಬರಲ್ಲ.

ಹೆಸರು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ನಾನು ಕಾಳಿ ಅಂತೀನಿ, ಮೊಮ್ಮಗ ರಾಕಿ ಅಂತಾನೆ. ಮರಿ ಬಿಳೀದು.